ಹಳದಿ ಕೋಟಿನೊಳಗಿನ ಮುಖ

ಮೇ 3

ಗ್ರೀಸು ಕೈಯವಳೇ,

ಕೊನೆಗೂ ರಜೆ ಸಿಕ್ಕಿತು. ಜೂನ್ ಎರಡನೇ ವಾರ. ಅದಕ್ಕಾಗಿ ನಮ್ಮ ಹೊಲಿಗೆ ವಿಭಾಗದ ಮೇಲ್ವಿಚಾರಕನ ಮುಂದೆ ಎಷ್ಟು ಹಲ್ಲು ಗಿಂಜಿದ್ದೇನೆಂದರೆ ಈಗಲೂ ದವಡೆ ನೋಯುತ್ತಿದೆ. ಸಮವಸ್ತ್ರದ ಆರ್ಡರು ತಲೆಯ ಮೇಲೆ ಕೂತಿದೆ, ಒಬ್ಬರನ್ನೂ ಬಿಡಲು ಆಗುವುದಿಲ್ಲ ಎಂದ. "ನನ್ನ ನಾದಿನಿ ದೋಣಿ ಎಂಜಿನ್ ರಿಪೇರಿ ಮಾಡ್ತಾಳೆ ಸರ್, ಅವಳದ್ದೇ ಒಂದು ದೋಣಿ ಇದೆ. ವರ್ಷಕ್ಕೆ ಒಂದೇ ಒಂದು ದಿನ ಅವಳು, ನಾನು, ಬೇಕರಿಯವಳು ಹ್ಯಾಲಿಬಟ್ ಹಿಡಿಯೋಕೆ ಹೋಗ್ತೀವಿ. ನಾನಿಲ್ದೆ ಅವರಿಗೆ ಆಗೋದೇ ಇಲ್ಲ" ಎಂದೆ. ಹ್ಯಾಲಿಬಟ್ ಅಂದರೇನು ಎಂದು ಕೇಳಿದ. ಬಾಗಿಲಿನಷ್ಟು ಬೆಳೆಯುವ ಚಪ್ಪಟೆ ಮೀನು, ಎರಡು ಕಣ್ಣೂ ಒಂದೇ ಕಡೆ, ಕಡಲ ತಳದಲ್ಲಿ ಮಲಗಿರುತ್ತದೆ ಎಂದು ಹೇಳಿ, ಮೇಜಿನ ಮೇಲಿದ್ದ ಬಟ್ಟೆಯ ತುಂಡನ್ನೇ ಮೀನು ಮಾಡಿ ಒದ್ದಾಡಿಸಿ ತೋರಿಸಿದೆ. ನಗು ತಡೆಯಲಾರದೆ ಸಹಿ ಹಾಕಿದ.

ಆದ್ದರಿಂದ ಅಲ್ಲಿಯವರೆಗೆ ದೋಣಿಯನ್ನು ಗಟ್ಟಿಯಾಗಿ ಕಟ್ಟಿಹಾಕು. ಬೇಕರಿಯವಳು ಚುಕ್ಕಾಣಿ, ನೀನು ಗಾಳ, ಮೀನನ್ನು ಚುಚ್ಚಿ ಒಳಗೆಳೆಯುವ ಕೊಕ್ಕೆ ನಾನು. ನಾವು ಊರು ಬಿಟ್ಟ ಮಾತ್ರಕ್ಕೆ ಇದು ತಪ್ಪಬಾರದು. ನನ್ನ ಹಳದಿ ರೇನ್‌ಕೋಟು ನಿನ್ನ ವರ್ಕ್‌ಶಾಪಿನ ಗೂಟದಲ್ಲೇ ಇರಲಿ.

ಇಲ್ಲಿ ಎಲ್ಲ ಚೆನ್ನಾಗಿದೆ. ನಿಮ್ಮಣ್ಣ ಹೊಸ ಕೆಲಸದಲ್ಲಿ ಮುಳುಗಿಹೋಗಿದ್ದಾರೆ. ಮೇಲಿನ ಮನೆಯಾಕೆಯೂ ನಾನೂ ಭಾನುವಾರ ಈಜುಕೊಳಕ್ಕೆ ಹೋಗುತ್ತೇವೆ. ಬಲೇ ತಮಾಷೆಯ ಹೆಂಗಸು, ನಗಿಸಿ ನಗಿಸಿ ನೀರು ಕುಡಿಸುತ್ತಾಳೆ.

ಅದಿರಲಿ. ನಿನ್ನ ಹೋದ ಪತ್ರದಲ್ಲಿ ಹೊಸದಾಗಿ ಕನ್ನಡಕದ ಅಂಗಡಿ ತೆರೆದವಳ ವಿಷಯ ಒಂದೂವರೆ ಪುಟ ಇತ್ತು. ನನ್ನ ಮಂಡಿನೋವು ವಿಚಾರಿಸಿದ್ದು ಒಂದು ಸಾಲು. ಅಳತೆ ಹಾಕಿದೆ ಅಂದುಕೊಳ್ಳಬೇಡ, ಹೊಲಿಗೆಯವಳ ಕಣ್ಣು, ತಾನಾಗಿ ಬಿತ್ತು.

ನಿನ್ನ ಅತ್ತಿಗೆ


ಮೇ 11

ಪ್ರೀತಿಯ ಅತ್ತಿಗೆ,

ಕಾಯುತ್ತೇವೆ. ಬೇಕರಿಯವಳಿಗೆ ಹೇಳಿದೆ. "ಅವಳು ಬರದೆ ನಾನು ಒಲೆ ಬಿಟ್ಟು ಕದಲೋಳಲ್ಲ" ಎಂದಳು. ಎಂಜಿನ್ ಪೂರ್ತಿ ಬಿಚ್ಚಿ ಹಾಕಿದ್ದೇನೆ. ಹಳೆಯ ಬೆಲ್ಟ್ ನೋಡಿದರೆ ಹೋದ ವರ್ಷ ನಾವು ದಡ ಸೇರಿದ್ದೇ ದೊಡ್ಡದು.

ಮಂಡಿ ಹೇಗಿದೆ? ಮೆಟ್ಟಿಲು ಹತ್ತುವಾಗ ನೋಯುತ್ತದೋ, ಇಳಿಯುವಾಗಲೋ? ಮಿಷನ್ನಿನ ಪೆಡಲ್ ತುಳಿಯುವ ಕಾಲು ತಾನೇ ಅದು? ಎಣ್ಣೆ ಹಚ್ಚುತ್ತೀರಾ? ಇಗೋ, ನಾಲ್ಕು ಸಾಲಾಯಿತು.

ಕನ್ನಡಕದವಳ ವಿಷಯ ಬರೆಯಬಾರದು ಎಂದಿದ್ದೆ, ಆದರೆ ಬರೆಯದೆ ಹೇಗಿರಲಿ. ನಾನು ಬಗ್ಗಿದಾಗಲೆಲ್ಲ ಕನ್ನಡಕ ಎಂಜಿನ್ ಒಳಗೆ ಬೀಳುತ್ತದೆ ಎಂದು ಅವಳು ಹಿಂದಿನಿಂದ ಕಟ್ಟುವ ಒಂದು ಪಟ್ಟಿ ಮಾಡಿಕೊಟ್ಟಳು. ಕೊಡಲು ವರ್ಕ್‌ಶಾಪಿಗೇ ಬಂದಳು. ಗೋಡೆಯ ಮೇಲಿನ ಕೊಕ್ಕೆ ನೋಡಿ ಇದೇನೆಂದು ಕೇಳಿದಳು. ನೀವು ಮಾಡುವುದನ್ನೆಲ್ಲ ಹೇಳಿದೆ. ಮೀನು ದೋಣಿಯ ಪಕ್ಕಕ್ಕೆ ಬಂದಾಗ ಯಾರೂ ತುಟಿ ಬಿಚ್ಚಬಾರದು, ನೀರಿನಲ್ಲಿರುವವರೆಗೆ ಅದು ಪಾಪದ ಪ್ರಾಣಿ, ತಲೆ ನೀರಿನಿಂದ ಹೊರಗೆ ಬಂತೋ ಹುಚ್ಚೆದ್ದು ಮೂಳೆ ಮುರಿಯುತ್ತದೆ, ಅದಕ್ಕೇ ಗಾಳ ಹಿಡಿದವಳು ಮೀನನ್ನು ನೋಡದೆ ಕೊಕ್ಕೆ ಹಿಡಿದವಳ ಮುಖವನ್ನೇ ನೋಡಬೇಕು, ಅವಳು ತಲೆಯಾಡಿಸಿದ ಮೇಲೆಯೇ ಎತ್ತಬೇಕು, ಎಂದೆಲ್ಲ. ಬಾಯಿ ಬಿಟ್ಟುಕೊಂಡು ಕೇಳಿದಳು. "ನಿಮ್ಮ ಅತ್ತಿಗೆಯನ್ನ ಒಂದ್ಸಲ ನೋಡ್ಬೇಕು" ಎಂದಳು.

ನಿಮಗೆ ಈಜು ಇಷ್ಟ ಎಂದು ನನಗೆ ಗೊತ್ತೇ ಇರಲಿಲ್ಲ. ಇಲ್ಲಿ ಕಡಲ ಪಕ್ಕದಲ್ಲೇ ಅಷ್ಟು ವರ್ಷ ಇದ್ದಿರಿ, ನಾನು ಕರೆದಾಗಲೆಲ್ಲ ತಲೆಗೂದಲು ಒದ್ದೆಯಾಗುತ್ತದೆ ಎಂದಿರಿ. ಒಳ್ಳೆಯ ಗೆಳತಿ ಸಿಕ್ಕಿದ್ದಾಳೆ. ಸಂತೋಷ.

ನಿಮ್ಮ ನಾದಿನಿ


ಮೇ 27

ಪ್ರೀತಿಯ ಅತ್ತಿಗೆ,

ಬೈಯುವುದಿದ್ದರೆ ಪತ್ರ ಪೂರ್ತಿ ಓದಿದ ಮೇಲೆ ಬೈಯಿರಿ. ನಾವು ಹೋಗಿಬಂದೆವು.

ತಿಂಗಳಿಡೀ ಗಾಳಿ. ಶುಕ್ರವಾರ ರೇಡಿಯೋದವರು ನಾಳೆ ಒಂದು ದಿನ ಕಡಲು ಶಾಂತ, ಆಮೇಲೆ ಜೂನ್ ಅರ್ಧ ಕಳೆಯುವವರೆಗೂ ನಂಬುವಂತಿಲ್ಲ ಎಂದರು. ಬೇಕರಿಯವಳು ಹಿಟ್ಟಿನ ಕೈಯಲ್ಲೇ ಓಡಿಬಂದಳು. "ನಾಳೆ ಬಿಟ್ರೆ ಕೈ ಬಿಟ್ಟ ಹಾಗೆ ಕಣೇ. ಅವಳಿಗೆ ನಾನು ಹೇಳ್ಕೋತೀನಿ" ಎಂದಳು. ಅವಳು ಹೇಳಿಕೊಳ್ಳುವವಳಲ್ಲ, ನಿಮಗೆ ಗೊತ್ತು. ಅದಕ್ಕೇ ನಾನು ಬರೆಯುತ್ತಿದ್ದೇನೆ.

ಬೆಳಕು ಹರಿಯುತ್ತಿದ್ದಂತೆ ಬಂದರು ಬಿಟ್ಟೆವು. ಹೊಸ ಬೆಲ್ಟ್ ಹಾಕಿದ ಎಂಜಿನ್ ತುಟಿಪಿಟಕ್ಕೆನ್ನದೆ ಓಡಿತು. ನೀರು ಇಸ್ತ್ರಿ ಹಾಕಿದ ಬಟ್ಟೆಯ ಹಾಗಿತ್ತು. ಮರಳು ದಿಣ್ಣೆಯ ಅಂಚಿಗೆ ಬಂದು ಎಂಜಿನ್ ನಿಲ್ಲಿಸಿ, ದೋಣಿಯನ್ನು ಹರಿವಿಗೆ ಬಿಟ್ಟು ಗಾಳ ಇಳಿಸಿದೆ. ಸೀಸದ ಗುಂಡು ತಳ ಮುಟ್ಟಿದರೆ ಒಂದು ಮೊಳ ಎತ್ತುವುದು, ಮತ್ತೆ ಮುಟ್ಟಿಸುವುದು. ಮಧ್ಯಾಹ್ನದವರೆಗೆ ಇದೇ ಕೆಲಸ. ಬೇಡದ ಸಣ್ಣ ಮೀನುಗಳು ಬಂದು ಗಾಳಕ್ಕೆ ಸಿಕ್ಕಿಸಿದ್ದನ್ನು ಕಿತ್ತುಕೊಂಡು ಹೋದವು. ಬೇಕರಿಯವಳು ಬುಟ್ಟಿಯಲ್ಲಿದ್ದ ಬನ್ನನ್ನೆಲ್ಲ ತಾನೇ ಮುಗಿಸಿ, ಚುಕ್ಕಾಣಿಗೆ ಒರಗಿ ಗೊರಕೆ ಹೊಡೆದಳು.

ಆಮೇಲೆ ಗಾಳ ಬಂಡೆಗೆ ಸಿಕ್ಕಿಕೊಂಡ ಹಾಗೆ ನಿಂತಿತು. ಎಳೆದೆ, ಕದಲಲಿಲ್ಲ. ಹಾಳಾದದ್ದು ಎಂದು ಬೈದುಕೊಂಡು ದಾರ ಕತ್ತರಿಸಲು ಚಾಕು ತೆಗೆಯುವಷ್ಟರಲ್ಲಿ ಬಂಡೆ ನಡೆಯತೊಡಗಿತು. ನಿಧಾನವಾಗಿ, ಯಾರ ಹಂಗೂ ಇಲ್ಲದವರ ಹಾಗೆ. ಗಾಳದ ದಾರ ಸುತ್ತಿದ ರೀಲು ಕಿರುಚಿದ್ದಕ್ಕೆ ಬೇಕರಿಯವಳು ಎದ್ದು ಕೂತಳು. ಮೇಲಕ್ಕೆ ತಂದೆ ಅನ್ನುವಾಗ ಮತ್ತೆ ತಳಕ್ಕೆ ಹೋಗುತ್ತಿತ್ತು. ತೋಳು ಭುಜದಿಂದ ಕಳಚಿ ಬೀಳುತ್ತದೆ ಎನ್ನಿಸಿತು. ಕೊನೆಗೆ ಮೇಲೆ ಬಂತು, ಪಕ್ಕಕ್ಕೆ ಬಂತು, ಒಳಗೆ ಬಂತು. ನಿಲ್ಲಿಸಿದರೆ ಬೇಕರಿಯವಳ ಭುಜದವರೆಗೆ. ಇಷ್ಟು ದೊಡ್ಡದು ನಮಗೆ ಯಾವತ್ತೂ ಸಿಕ್ಕಿರಲಿಲ್ಲ ಅತ್ತಿಗೆ.

ಫೋಟೋ ಇಟ್ಟಿದ್ದೇನೆ. ಬಾಲ ಕಾಣುವುದಿಲ್ಲ, ಬೇಕರಿಯವಳು ಕ್ಯಾಮೆರಾ ಹಿಡಿದರೆ ಹಾಗೇ.

ನೀವು ಇರಬೇಕಿತ್ತು.

ನಿಮ್ಮ ನಾದಿನಿ


ಜೂನ್ 4

ನಾದಿನಿ,

ಫೋಟೋ ತಲುಪಿತು. ಮೀನು ದೊಡ್ಡದಿದೆ ಎಂದು ನಿಮ್ಮಣ್ಣ ಹೇಳಿದರು. ನನಗೆ ಮೀನು ಕಾಣಲೇ ಇಲ್ಲ.

ನನಗೆ ಕಂಡದ್ದು ನನ್ನ ಹಳದಿ ಕೋಟು. ಟೋಪಿ ಕಣ್ಣಿನವರೆಗೆ ಇಳಿದಿದೆ. ಮೂಗು, ನಗು, ಒಂದು ಗಲ್ಲ. ಹೊಲಿಗೆ ಪರೀಕ್ಷಿಸುವ ಭೂತಗನ್ನಡಿ ಹಿಡಿದು ನೋಡಿದೆ. ನನಗಿಂತ ಕುಳ್ಳಿ, ತೋಳು ಎರಡು ಸುತ್ತು ಮಡಚಿದ್ದಾಳೆ. ಎಡತೋಳು ಹರಿದಾಗ ಹೊರಗೆ ಕಾಣದ ಹಾಗೆ ಒಳಗಿನಿಂದ ತೇಪೆ ಹಾಕಿದವಳು ನಾನು. ಅವಳು ಮಡಚಿದ್ದರಿಂದ ಆ ತೇಪೆ ಊರಿಗೆಲ್ಲ ಕಾಣುವಂತೆ ಹೊರಗೆ ಬಂದಿದೆ. ನಿನ್ನ ಕೈ ಅವಳ ಹೆಗಲ ಮೇಲೆ ಇದೆ.

ಎರಡು ಪುಟ ಬರೆದಿದ್ದೀಯ. ಗೊರಕೆ ಇದೆ, ಬನ್ನು ಇದೆ, ಬೆಲ್ಟ್ ಇದೆ. "ಮೇಲೆ ಬಂತು, ಪಕ್ಕಕ್ಕೆ ಬಂತು, ಒಳಗೆ ಬಂತು." ಹೇಗೆ ಬಂತು? ಮೀನು ತಾನಾಗಿ ಮೆಟ್ಟಿಲು ಹತ್ತಿ ಬಾಗಿಲು ತಟ್ಟಿತೇ? ಕೊಕ್ಕೆ ಯಾರ ಕೈಯಲ್ಲಿತ್ತು? ದೋಣಿಯಲ್ಲಿ ಆ ಕನ್ನಡಕದವಳಿದ್ದಳು ಎಂದು ಒಂದು ಸಾಲು ಬರೆಯಲು ನಿನ್ನ ಪೆನ್ನಿಗೆ ಏನು ರೋಗ ಬಂದಿತ್ತು?

ನಿಮ್ಮಣ್ಣ "ಒಂದು ಮೀನಿಗೆ ಇಷ್ಟು ರಂಪಾನಾ?" ಎಂದರು. ಅಂದಿನಿಂದ ಅವರ ಅಂಗಿಯ ಗುಂಡಿ ಅವರೇ ಹೊಲಿದುಕೊಳ್ಳುತ್ತಿದ್ದಾರೆ.

ಹೌದು, ನನಗೆ ಹೊಟ್ಟೆಕಿಚ್ಚು. ಮುಚ್ಚುಮರೆ ಯಾಕೆ? ವಾರವಿಡೀ ಒಬ್ಬರ ಮುಖ ಒಬ್ಬರು ನೋಡದೆ ಬಟ್ಟೆ ತಳ್ಳುವ ಜಾಗದಲ್ಲಿ ಕೂತು ನಾನು ಆ ಒಂದು ದಿನಕ್ಕಾಗಿ ಬದುಕಿದ್ದೆ. ನೀನು ಅದನ್ನು ಗೂಟದಿಂದ ತೆಗೆದು ಇನ್ನೊಬ್ಬಳಿಗೆ ತೊಡಿಸಿಬಿಟ್ಟೆ. ರಜೆ ಬೇಡ ಎಂದು ಮೇಲ್ವಿಚಾರಕನಿಗೆ ಹೇಳಿಬಂದೆ. ಯಾಕೆ ಎಂದ. ಮೀನು ಸಿಕ್ಕಿತಂತೆ ಎಂದೆ.

ಅತ್ತಿಗೆ


ಜೂನ್ 10

ಪ್ರೀತಿಯ ಅತ್ತಿಗೆ,

ತಪ್ಪಾಯಿತು. ನಿಮ್ಮ ಕೋಟನ್ನು ಕೇಳದೆ ಕೊಡಬಾರದಿತ್ತು. ಅವಳ ಹತ್ತಿರ ಇದ್ದದ್ದು ತೆಳ್ಳನೆಯ ಉಣ್ಣೆ ಕೋಟು, ಅದರಲ್ಲಿ ಕಡಲಿಗೆ ಬಂದರೆ ನಡುಗಿ ಸಾಯುತ್ತಾಳೆ ಎಂದು ಕೈಗೆ ಸಿಕ್ಕಿದ್ದನ್ನು ಕೊಟ್ಟೆ. ಮೀನಿನ ವಾಸನೆ ಹೋಗಲೆಂದು ಎರಡು ಸಲ ಒಗೆದು ನೆರಳಲ್ಲಿ ಒಣಗಿಸಿದ್ದೇನೆ. ತೋಳಿನ ಮಡಿಕೆ ಬಿಡಿಸಿದ್ದೇನೆ. ನಿಮ್ಮ ವಸ್ತು ನಿಮ್ಮ ಬಳಿಯೇ ಇರಲಿ ಎಂದು ಈ ಪತ್ರದ ಜೊತೆಗೇ ಪಾರ್ಸೆಲ್ ಮಾಡಿದ್ದೇನೆ.

ಕೊಕ್ಕೆ ಯಾರು ಹಿಡಿದರು ಎಂದು ಕೇಳಿದ್ದೀರಿ. ಬೇಕರಿಯವಳು ಚುಕ್ಕಾಣಿ ಬಿಡುವ ಹಾಗಿಲ್ಲ, ನಾನು ಗಾಳ ಬಿಡುವ ಹಾಗಿಲ್ಲ. ಅವಳೇ ಹಿಡಿದಳು. ಹೇಗೋ ನಿಭಾಯಿಸಿದಳು. ಅಷ್ಟೇ.

ಇದನ್ನು ಇಷ್ಟು ದೊಡ್ಡದು ಮಾಡಬೇಡಿ ಅತ್ತಿಗೆ. ನೀವೂ ಅಲ್ಲಿ ಒಂಟಿಯಾಗೇನೂ ಇಲ್ಲವಲ್ಲ. ಭಾನುವಾರ ಈಜಲು, ನಗಲು ಜೊತೆ ಇದ್ದಾರೆ. ನಾನು ಅದಕ್ಕೆ ಏನಾದರೂ ಅಂದೆನೇ?

ನಿಮ್ಮ ನಾದಿನಿ


ಜೂನ್ 19

ಮಾನ್ಯರೇ,

ತಾವು ಕಳಿಸಿದ ಪಾರ್ಸೆಲ್ ಸುರಕ್ಷಿತವಾಗಿ ತಲುಪಿದೆ. ಒಗೆದು, ಮಡಿಸಿ ಕಳಿಸಿದ ತಮ್ಮ ಶ್ರಮಕ್ಕೆ ಕೃತಜ್ಞತೆಗಳು. ಗೂಟ ಈಗ ಖಾಲಿಯಾಗಿರುವುದರಿಂದ ಅಲ್ಲಿ ಯಾರ ಕೋಟನ್ನು ಬೇಕಾದರೂ ನೇತುಹಾಕಲು ತಮಗೆ ಅನುಕೂಲವಾದೀತು.

ಕೊಕ್ಕೆಯ ಹಿಡಿಗೆ ಸುತ್ತಿರುವ ದಪ್ಪ ಬಟ್ಟೆ ನಾನು ಹೊಲಿದದ್ದು. ಅದನ್ನು ಬಿಚ್ಚಿ ಕಳಿಸುವ ತೊಂದರೆ ತೆಗೆದುಕೊಳ್ಳಬೇಡಿ. ಕನ್ನಡಕದ ಅಂಗಡಿಯವರ ಕೈ ಮೃದುವಾಗಿರುತ್ತದೆ, ಉಪಯೋಗಕ್ಕೆ ಬರಲಿ. ಮುಂದಿನ ವರ್ಷಗಳಿಗೂ ಅವರನ್ನೇ ಗೊತ್ತುಮಾಡಿಕೊಳ್ಳುವುದು. ನಾನು ಬರುವುದಿಲ್ಲ.

ಇಲ್ಲಿ ನಾವು ಕ್ಷೇಮ. ಮೇಲಿನ ಮನೆಯಾಕೆಯೂ ನಾನೂ ಈಗ ಬುಧವಾರವೂ ಈಜಲು ಹೋಗುತ್ತಿದ್ದೇವೆ.

ಇಂತಿ,
ತಮ್ಮ ಅಣ್ಣನವರ ಪತ್ನಿ


ಜುಲೈ 22

ಅತ್ತಿಗೆ,

ಒಂದು ತಿಂಗಳು ನಿಮ್ಮ ಪತ್ರವಿಲ್ಲ, ನನ್ನದೂ ಇಲ್ಲ. ಬರೆಯಲು ಕೂತರೆ "ತಮ್ಮ ಅಣ್ಣನವರ ಪತ್ನಿ" ಕಣ್ಣಿಗೆ ಕುಕ್ಕುತ್ತಿತ್ತು. ಆ ಪತ್ರವನ್ನು ಬೇಕರಿಯವಳಿಗೆ ತೋರಿಸಿದೆ. ಓದಿ, ಅಡುಗೆ ಕಟ್ಟೆಯ ಮೇಲೆ ಬೋರಲಾಗಿ ಇಟ್ಟಳು. "ಕೋಟು ಯಾಕೆ ಕಳಿಸ್ದೆ?" ಎಂದಳು. "ಅವರ ಕೋಟು, ಅವರಿಗೆ ಬೇಕು ಅನ್ನಿಸ್ತು." "ಬೇಕಾಗಿದ್ದು ಕೋಟಲ್ಲ ಕಣೇ ದಡ್ಡಿ. ಗೂಟದಲ್ಲಿ ಅದು ಇದ್ದಷ್ಟು ದಿನ ಅವಳು ಇಲ್ಲಿಯವಳು. ನೀನು ಅವಳ ಸಾಮಾನು ಮನೆಯಿಂದ ಹೊರಗೆ ಹಾಕಿದ್ದೀಯ." ನನಗೆ ಇದು ಹೊಳೆದೇ ಇರಲಿಲ್ಲ. ಎಂಜಿನ್ ಸದ್ದು ಕೇಳಿ ಯಾವ ನಟ್ಟು ಸಡಿಲ ಎಂದು ಹೇಳುತ್ತೇನೆ, ಮನುಷ್ಯರ ವಿಷಯಕ್ಕೆ ಬಂದರೆ ನಾನು ಕೊರಡು.

ಈಗ ನಿಜ ಬರೆಯುತ್ತೇನೆ. ಓದಿದ ಮೇಲೆ ನೀವು ಇನ್ನೂ ಉರಿದುಕೊಳ್ಳಬಹುದು.

ಅವಳು "ಹೇಗೋ ನಿಭಾಯಿಸಿದಳು" ಎಂದು ಬರೆದೆನಲ್ಲ, ಅದು ಸುಳ್ಳು. ಅವಳು ಚೆನ್ನಾಗಿ ಮಾಡಿದಳು. ಮೀನು ಮೇಲೆ ಬರುವಾಗ ತುಟಿ ಬಿಚ್ಚಲಿಲ್ಲ. ದಿನವೆಲ್ಲ ಸಣ್ಣ ಸಣ್ಣ ತಿರುಪು ಕೂರಿಸುವ ಕೈ, ಸ್ವಲ್ಪವೂ ನಡುಗಲಿಲ್ಲ. ಇದನ್ನು ಬರೆದರೆ ನಿಮಗೆ ನೋವಾಗುತ್ತದೆ ಎಂದು ಬಿಟ್ಟೆ. ನಿಮಗೆ ಮಾತ್ರ ಅಲ್ಲ, ನನಗೂ ಅದನ್ನು ಒಪ್ಪಿಕೊಳ್ಳಲು ಇಷ್ಟವಿರಲಿಲ್ಲ.

ಮೀನು ಪಕ್ಕಕ್ಕೆ ಬಂತು. ಹೊಟ್ಟೆಯ ಬಿಳಿ ಕಾಣಿಸಿತು. ರೂಢಿಯಂತೆ ನಾನು ಮುಖ ನೋಡಿದೆ. ಹಳದಿ ಟೋಪಿಯೊಳಗೆ ನೀವು ಇರಲಿಲ್ಲ. ಇರುವುದಿಲ್ಲ ಎಂದು ಬೆಳಗಿನಿಂದ ಗೊತ್ತಿತ್ತು, ಆದರೂ ಆ ಕ್ಷಣದಲ್ಲಿ ನಿಮ್ಮನ್ನೇ ಹುಡುಕಿದೆ. ಅವಳು ನನ್ನನ್ನೇ ನೋಡುತ್ತ, ನಾನು ಹೇಳಿಕೊಟ್ಟ ಹಾಗೆಯೇ, ತಲೆಯಾಡಿಸಿದಳು. ನನಗೆ ಸಿಟ್ಟು ಬಂತು ಅತ್ತಿಗೆ. ಇವಳ್ಯಾರು ತಲೆಯಾಡಿಸಲು ಎನ್ನಿಸಿತು. ಮೀನು ಹೋಗಲಿ, ಇವಳ ಕೈಗೆ ಸಿಗದಿರಲಿ ಎಂದುಕೊಂಡೆ. ಬರೀ ಅಂದುಕೊಂಡದ್ದಲ್ಲ, ದಾರ ಸಡಿಲ ಬಿಟ್ಟೆ. ಹುಟ್ಟಿದಂದಿನಿಂದ ಗಾಳ ಹಿಡಿದಿದ್ದೇನೆ, ಬೇಕೆಂದೇ ಸಡಿಲ ಬಿಟ್ಟದ್ದು ಅದೇ ಮೊದಲು. ಮೀನು ಅರ್ಧ ಮಗುಚಿ ತಲೆ ಎತ್ತಿ ಬಡಿಯಿತು, ಮೂವರ ಮೇಲೂ ನೀರು ಎರಚಿತು. ಅಷ್ಟರಲ್ಲಿ ಅವಳು ಬಗ್ಗಿ ಕೊಕ್ಕೆ ಹಾಕಿ ಆಗಿತ್ತು.

ಬೇಕರಿಯವಳು ಚಪ್ಪಾಳೆ ತಟ್ಟಿದಳು. ಫೋಟೋದಲ್ಲಿ ನನ್ನ ಕೈ ಅವಳ ಹೆಗಲ ಮೇಲಿದೆ ಎಂದಿರಿ. ಅದನ್ನು ಎತ್ತಿ ಅಲ್ಲಿ ಇಟ್ಟದ್ದು ಬೇಕರಿಯವಳು. ದಡಕ್ಕೆ ಬರುವವರೆಗೂ ನಾನು ಅವಳಿಗೆ ಬೆನ್ನು ಹಾಕಿ ಎಂಜಿನ್ ಹತ್ತಿರವೇ ಕೂತಿದ್ದೆ. ಇಳಿಯುವಾಗ ಕನ್ನಡಕದವಳು ಮೆಲ್ಲಗೆ, "ನಾನೇನಾದ್ರೂ ತಪ್ಪು ಮಾಡಿದ್ನಾ?" ಎಂದು ಕೇಳಿದಳು. ಇಲ್ಲ ಎಂದೆ. ಅವಳು ನಂಬಲಿಲ್ಲ. ಆಮೇಲೆ ವರ್ಕ್‌ಶಾಪಿನ ಕಡೆ ಬಂದಿಲ್ಲ.

ಅವಳ ಬಗ್ಗೆ ಒಂದೂವರೆ ಪುಟ ಯಾಕೆ ಬರೆಯುತ್ತಿದ್ದೆ ಗೊತ್ತೇ? ನಿಮ್ಮ ಪ್ರತಿ ಪತ್ರದಲ್ಲೂ ಮೇಲಿನ ಮನೆಯಾಕೆ. ಅವಳ ತಮಾಷೆ, ಅವಳ ನಗು, ಅವಳ ಜೊತೆ ಈಜು. ನನ್ನ ಜೊತೆ ಒಮ್ಮೆಯೂ ಮಂಡಿಯುದ್ದ ನೀರಿಗೆ ಇಳಿಯದವರು ನೀವು. ಓದಿದಾಗಲೆಲ್ಲ ಮೈ ಉರಿಯುತ್ತಿತ್ತು. ನಿಮಗೂ ಸ್ವಲ್ಪ ಉರಿಯಲಿ ಎಂದು ಬರೆದೆ.

ಉರಿಯಿತಲ್ಲ. ಸಾಕು ಅತ್ತಿಗೆ. ನನ್ನನ್ನು ನೀನು ಎಂದು ಕರೆಯಿರಿ, ಬೈಯುವುದಕ್ಕಾದರೂ.

ನಿಮ್ಮ ನಾದಿನಿ


ಜುಲೈ 30

ದಡ್ಡಿ,

ದಾರ ಸಡಿಲ ಬಿಟ್ಟೆಯಾ? ಅಷ್ಟು ದೊಡ್ಡ ಮೀನು ಪಕ್ಕದಲ್ಲಿ ಇರುವಾಗ? ಅವಳ ಮಣಿಕಟ್ಟು ಮುರಿದಿದ್ದರೆ ಏನು ಮಾಡುತ್ತಿದ್ದೆ? ಬಾಲದ ಏಟಿಗೆ ಮೂವರೂ ನೀರಿಗೆ ಬಿದ್ದಿದ್ದರೆ? ನಿನಗೆ ನಾಚಿಕೆಯಾಗಬೇಕು. ಇದು ಅತ್ತಿಗೆಯಾಗಿ ಹೇಳಬೇಕಾದ ಮಾತು, ಹೇಳಿದ್ದೇನೆ. ಇನ್ನು ನನ್ನ ಮಾತು: ಆ ಸಾಲನ್ನು ಊಟದ ಬಿಡುವಿನಲ್ಲಿ ಓದಿದೆ, ಬಸ್ಸಿನಲ್ಲಿ ಓದಿದೆ, ಮನೆಗೆ ಬಂದು ನಿಮ್ಮಣ್ಣನಿಗೆ ಗಟ್ಟಿಯಾಗಿ ಓದಿ ಹೇಳಿದೆ. ಅವರ ಗುಂಡಿಗಳನ್ನೆಲ್ಲ ಹೊಲಿದುಕೊಟ್ಟೆ. ಒಬ್ಬಳು ನನಗಾಗಿ ಇಂಥ ಕೆಟ್ಟ ಕೆಲಸ ಮಾಡುತ್ತಾಳೆ ಎಂದು ನಾನು ತಿಳಿದಿರಲಿಲ್ಲ.

ಅವಳು ಚೆನ್ನಾಗಿ ಮಾಡಿದಳು ಎಂದದ್ದು ಮಾತ್ರ ಇನ್ನೂ ಗಂಟಲಲ್ಲಿ ಸಿಕ್ಕಿಕೊಂಡಿದೆ. ಒಂದು ಸಲವಾದರೂ ಕೈ ಜಾರಬಾರದಿತ್ತೇ?

ಮೇಲಿನ ಮನೆಯಾಕೆಯ ವಿಷಯ. ಅವಳು ಈಜುವುದು ನಿಜ. ಭಾನುವಾರ ಬೆಳಿಗ್ಗೆ ಒದ್ದೆ ಕೂದಲಲ್ಲಿ, ಚೀಲ ಹಿಡಿದು ಮೆಟ್ಟಿಲು ಹತ್ತುತ್ತಾಳೆ. ಈಜಿಗೆ ಹೋಗಿದ್ರಾ ಎಂದು ನಾನು ಒಂದು ಸಲ ಕೇಳಿದೆ. ಹೌದು ಎಂದಳು. ನನ್ನನ್ನು ಕರೆಯುತ್ತಾಳೇನೋ ಎಂದು ಬಾಗಿಲು ಹಿಡಿದುಕೊಂಡು ನಿಂತಿದ್ದೆ, ಹತ್ತಿ ಹೋದಳು. ಅವಳು ತಮಾಷೆಯವಳೋ ಅಲ್ಲವೋ ನನಗೆ ಗೊತ್ತಿಲ್ಲ. ಬುಧವಾರ ನಾನು ಮಿಷನ್ನಿನ ಮುಂದೆ ಇರುತ್ತೇನೆ, ಭಾನುವಾರ ಕಿಟಕಿಯ ಮುಂದೆ. ಇಲ್ಲಿ ನನಗೆ ಯಾರೂ ಇಲ್ಲ ಎಂದು ನಿನಗೆ ಬರೆಯಲು ನನ್ನ ಜಂಬ ಬಿಡಲಿಲ್ಲ ಕಣೇ. ನೀವೆಲ್ಲ ಅಲ್ಲಿ ಜೊತೆಯಾಗಿ ಕೂತು ಅಯ್ಯೋ ಪಾಪ ಅನ್ನುತ್ತೀರಿ ಎನ್ನಿಸಿತು. ಅಯ್ಯೋ ಪಾಪ ಅನ್ನಿಸಿಕೊಳ್ಳುವುದಕ್ಕಿಂತ ಈಜಲು ಹೋಗುವುದು ವಾಸಿ.

ಆಗಸ್ಟ್ ಕೊನೆಯಲ್ಲಿ ನಾಲ್ಕು ದಿನ ಬರುತ್ತೇನೆ. ಮತ್ತೆ ಹಲ್ಲು ಗಿಂಜಿದ್ದಾಯಿತು. ಮೇಲ್ವಿಚಾರಕ "ಮತ್ತೆ ಆ ಬಾಗಿಲಿನಂಥ ಮೀನೇನಮ್ಮಾ?" ಎಂದ. ಗಾಳಿ ಇದ್ದರೆ ನಿನ್ನ ವರ್ಕ್‌ಶಾಪಿನಲ್ಲಿ ಕೂತು ಎಲ್ಲರ ಬಗ್ಗೆಯೂ ಹರಟೆ ಕೊಚ್ಚೋಣ. ಶಾಂತವಾಗಿದ್ದರೆ ಹೋಗೋಣ.

ನೀನು ಇವತ್ತೇ ಕನ್ನಡಕದವಳ ಅಂಗಡಿಗೆ ಹೋಗಿ, ತಪ್ಪು ಅವಳದ್ದಲ್ಲ ಎಂದು ಬಾಯಿಬಿಟ್ಟು ಹೇಳಬೇಕು. ಬರುವಾಗ ಅವಳ ತೋಳಿನ ಅಳತೆ ತೆಗೆದುಕೊಂಡು ಬಾ. ಅವಳಿಗೆ ಬೇರೆ ಕೋಟು ಹೊಲಿಯುತ್ತೇನೆ. ಪ್ರೀತಿಯಿಂದಲ್ಲ, ನನ್ನದನ್ನು ಇನ್ನೊಮ್ಮೆ ಮುಟ್ಟದಿರಲಿ ಎಂದು. ಆದರೂ ಹೊಲಿಗೆ ಚೆನ್ನಾಗಿಯೇ ಇರುತ್ತದೆ.

ಕೊಕ್ಕೆ ಅವಳೇ ಹಿಡಿಯಲಿ. ಚೆನ್ನಾಗಿ ಹಿಡಿಯುವವಳ ಕೈಯಿಂದ ಕಿತ್ತುಕೊಳ್ಳುವಷ್ಟು ಸಣ್ಣ ಮನಸ್ಸಿನವಳಲ್ಲ ನಾನು. ನಿಜವಾಗಿ ಸಣ್ಣ ಮನಸ್ಸಿನವಳೇ, ಆದರೆ ದೋಣಿಯಲ್ಲಿ ಎಲ್ಲರೆದುರಿಗೆ ತೋರಿಸಿಕೊಳ್ಳುವುದಿಲ್ಲ. ನಾನು ಎರಡನೇ ಗಾಳ ಹಿಡಿದು ನಿನ್ನ ಎದುರಿಗೆ ಕೂರುತ್ತೇನೆ. ಮೀನು ಪಕ್ಕಕ್ಕೆ ಬಂದಾಗ ನೀನು ಅವಳ ಮುಖ ನೋಡಲೇಬೇಕು, ದಾರ ಬಿಗಿಯಾಗಿ ಹಿಡಿದು ನೋಡು. ಆದರೆ ಅದಕ್ಕೆ ಮುಂಚೆ ಒಂದು ಸಲ ನನ್ನ ಕಡೆ ತಿರುಗು. ತಿರುಗುತ್ತೀಯೋ ಇಲ್ಲವೋ ಎಂದು ನಾನು ಮೀನು ಗೀನು ಬಿಟ್ಟು ನಿನ್ನನ್ನೇ ನೋಡುತ್ತಿರುತ್ತೇನೆ.

ನಿನ್ನ ಅತ್ತಿಗೆ